ಕಸ್ತೂರಿಯ ಬಾಯಿ ಬಿಚ್ಚಿದ ಮೂರು ದಿನ

ಹೋದ ವಾರ ರವಿಕೆಯ ಲೈನಿಂಗ್ ಬಟ್ಟೆ ತರಲು ಆದೋನಿಗೆ ಹೋಗಿದ್ದೆ. ಬಟ್ಟೆ ಅಂಗಡಿಯಿಂದ ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ಒಬ್ಬಾತ ಮೋಟರ್ ಸೈಕಲ್ಲಿನ ಹಿಂದೆ ಕುದುರೆಮಸಾಲೆ ಸೊಪ್ಪಿನ ದೊಡ್ಡ ಹೊರೆ ಕಟ್ಟಿಕೊಂಡು ನನ್ನ ಪಕ್ಕದಲ್ಲೇ ಹಾದುಹೋದ. ಆಗಷ್ಟೇ ಕೊಯ್ದದ್ದು, ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಆ ಸೊಪ್ಪಿಗೆ ಒಂದು ವಾಸನೆ ಇರುತ್ತದೆ, ಹಸಿ ಅವರೆಕಾಯಿ ಸುಲಿದ ಕೈಯ ವಾಸನೆಯ ಹಾಗೆ, ಕೊನೆಯಲ್ಲಿ ಸ್ವಲ್ಪ ಸಿಹಿ. ಎಮ್ಮೆ ಕಟ್ಟಿದವರಿಗೆ ಅದು ಹಾಲಿನ ವಾಸನೆ. ನಾನು ಮಾತ್ರ ಸೆರಗನ್ನು ಮೂಗಿಗೆ ಒತ್ತಿಕೊಂಡು, ಬಾಗಿಲು ಹಾಕಿದ್ದ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಮಾಧವರಂ ಕಡೆಯ ಬಸ್ಸು ಒಂದು ಹೋಯಿತು. ಎರಡನೆಯದಕ್ಕೆ ಎದ್ದೆ.

ಕಸ್ತೂರಿ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಮಳೆಗಾಲ.

ಆಕೆ ನನ್ನ ಸೋದರಮಾವನ ಕುದುರೆ. ಈರಣ್ಣ ಮಾವ ಮದ್ದಿಕೇರದವನು. ದಸರೆಗೆ ಆ ಊರಲ್ಲಿ ಕುದುರೆ ಓಡಿಸುತ್ತಾರೆ. ಮಾವ ಹರೆಯದಲ್ಲಿ ಬೇರೆಯವರ ಕುದುರೆ ಹತ್ತಿದವನು, ಆಮೇಲೆ ತನ್ನದೇ ಒಂದನ್ನು ಕಟ್ಟಿದ. ಕೆಂಪು ಮೈ, ಹಣೆಯಲ್ಲಿ ಬೆರಳಿನಿಂದ ಇಟ್ಟ ಹಾಗೆ ಒಂದು ಬಿಳಿ ಬೊಟ್ಟು, ಕುಳ್ಳಗಿನ ಹೆಣ್ಣು ಕುದುರೆ. ಮದ್ದಿಕೇರ ಮಳೆ ನಂಬಿದ ಊರು. ಅಲ್ಲಿ ಆಕೆ ತಿಂದು ಬೆಳೆದದ್ದು ಒಣ ಜೋಳದ ಸೊಪ್ಪೆ, ನೆನೆಸಿದ ಹುರುಳಿ, ಹೊಲದ ಬದುವಿನಲ್ಲಿ ಸಿಕ್ಕಷ್ಟು ಹುಲ್ಲು. ಪಕ್ಕೆಲುಬು ಕಣ್ಣಿಗೆ ಕಾಣುತ್ತಿರಲಿಲ್ಲ, ಕೈಗೆ ಸಿಗುತ್ತಿದ್ದವು. ಕುದುರೆ ಅಂದರೆ ಹಾಗಿರಬೇಕು ಅಂತ ಈಗ ಗೊತ್ತು.

ಆ ವರ್ಷ ಸಂಕ್ರಾಂತಿ ಆದಮೇಲೆ ಮಾವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಾಯಿ ಒಂದು ಕಡೆ ಜಾರಿತು, ಮೂರು ತಿಂಗಳು ಮಾತೇ ಇಲ್ಲ. ಕಾರಹುಣ್ಣಿಮೆಗೆ ಎರಡು ದಿನ ಮುಂಚೆ ಮಾವನ ಮಗ ಒಂದು ಟೆಂಪೊದಲ್ಲಿ ಕಸ್ತೂರಿಯನ್ನು ಹತ್ತಿಸಿಕೊಂಡು ನಮ್ಮ ಬಾಗಿಲಿಗೆ ಬಂದ.

"ಅತ್ತಿಗೀ, ನಾ ಲಾರಿ ಮ್ಯಾಲೆ ಹೋದ್ರ ವಾರಗಟ್ಲೆ ಬರಂಗಿಲ್ಲ. ಅವ್ವಗ ಅಪ್ಪನ್ನ ನೋಡೋದಾ ಸಾಕಾಗೇತಿ. ನಿಮ್ಮಲ್ಲಿ ಕಾಲುವಿ ಐತಿ, ಹುಲ್ಲಿಗೇನು ಬರ. ಒಂದು ವರ್ಷ ಇಟ್ಕೊಳ್ರಿ."

ನಮ್ಮ ಹೊಲ ಮಾಧವರಂ ಹತ್ತಿರ, ತುಂಗಭದ್ರೆಯ ಕಡೆ. ಕಾಲುವೆಯ ಏರಿ ಉದ್ದಕ್ಕೂ ಗರಿಕೆ, ಎಮ್ಮೆಗಳಿಗೆಂದು ಹಾಕಿದ ಅರ್ಧ ಎಕರೆ ಕುದುರೆಮಸಾಲೆ. ಹೆಸರಲ್ಲೇ ಕುದುರೆ ಇದೆಯಲ್ಲ, ಇನ್ನೇನು ಬೇಕು ಅಂದುಕೊಂಡೆವು. ಆ ವರ್ಷ ಮಳೆಯೂ ಬೇಗ ಬಂತು. ಕಸ್ತೂರಿಯನ್ನು ಬಿಟ್ಟರೆ ಸಾಕು, ತಲೆ ತಗ್ಗಿಸಿದವಳು ಎತ್ತುತ್ತಿರಲಿಲ್ಲ. ಹುಟ್ಟಿದಾಗಿನಿಂದ ಕಾಣದ ಹಸಿರು ಅದು. ಆಕೆ ಮೇಯುವ ಸಪ್ಪಳ ಕೇಳುತ್ತಾ ನಾನು ಜಗಲಿಯಲ್ಲಿ ಹೊಲಿಗೆ ಮಷೀನು ತುಳಿಯುತ್ತಿದ್ದೆ. ಮನೆಗೆ ಬಂದವರ ಹೊಟ್ಟೆ ತುಂಬಿದ ಸಪ್ಪಳ ಅನಿಸುತ್ತಿತ್ತು.

ಕುದುರೆಗೆ ಹೊಸ ಬಟ್ಟೆಯ ಪಟ್ಟಿ ಹೊಲಿಯೋಣ ಅಂತ ಬಂದ ವಾರವೇ ಎದೆಯ ಸುತ್ತ ಟೇಪು ಹಿಡಿದು ಅಳೆದಿದ್ದೆ. ಐವತ್ತೆಂಟು ಇಂಚು. ದರ್ಜಿಗಳ ಟೇಪು ಅರವತ್ತಕ್ಕೆ ಮುಗಿಯುತ್ತದೆ. ಶ್ರಾವಣ ಬರುವ ಹೊತ್ತಿಗೆ ಅದೇ ಟೇಪು ಆಕೆಯ ಎದೆ ಸುತ್ತಿ ಬಂದು ತುದಿಗೆ ತುದಿ ಮುಟ್ಟಲಿಲ್ಲ. ನಾಲ್ಕು ಬೆರಳು ಉಳಿಯಿತು. ನನಗೆ ಖುಷಿಯೇ ಆಯಿತು. ನಮ್ಮತ್ತೆಯನ್ನು ಕರೆದು ತೋರಿಸಿದೆ. "ನಮ್ಮ ಮನಿ ಅನ್ನದ ಗುಣ" ಅಂದರು ನಮ್ಮತ್ತೆ, ಕಸ್ತೂರಿಯ ಬೆನ್ನು ಚಪ್ಪರಿಸಿ. ಮಾವನಿಗೆ ಫೋನಿನಲ್ಲಿ ವಿಡಿಯೊ ಕಳಿಸಿದೆ: ಕಾಲುವೆ, ಹಸಿರು, ಅದರ ನಡುವೆ ಹೊಟ್ಟೆ ಮಟ್ಟ ಹುಲ್ಲಿನಲ್ಲಿ ನಿಂತ ಕಸ್ತೂರಿ.

ಮಾವನಿಗೆ ಆಗ ತೊದಲು ಮಾತು ಬಂದಿತ್ತು. ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದ. ಮೊದಲು ಮಳೆ ಕೇಳುತ್ತಿದ್ದ, ಆಮೇಲೆ, "ಕಸ್ತೂರಿ ಮೈ ಹೆಂಗೈತವ್ವಾ?"

"ಚಲೋ ಐತಿ ಮಾವಾ" ಅನ್ನುತ್ತಿದ್ದೆ.

ಎಮ್ಮೆಗೆ ಚುಚ್ಚುಮದ್ದು ಹಾಕಲು ಬಂದ ದನದ ಡಾಕ್ಟರಮ್ಮ, ಇನ್ನೂ ಚಿಕ್ಕ ವಯಸ್ಸು, ಹೋಗುವವಳು ಕಸ್ತೂರಿಯನ್ನು ನೋಡಿ ಗಾಡಿ ನಿಲ್ಲಿಸಿದಳು. ಕತ್ತಿನ ಕೂದಲ ಬುಡವನ್ನು ಹಿಡಿದು ಅಲುಗಾಡಿಸಿದಳು. ಅಲ್ಲಿ ಹಗ್ಗದ ಹಾಗೆ ಗಟ್ಟಿ ದಿಂಡು ಎದ್ದಿತ್ತು, ಅಲುಗಲಿಲ್ಲ. ಪಕ್ಕೆಯ ಮೇಲೆ ಬೆರಳು ಒತ್ತಿದಳು. ಆಮೇಲೆ ಕೂತು ಗೊರಸಿನ ಮೇಲೆ ಅಂಗೈ ಇಟ್ಟು ನೋಡಿದಳು.

"ಅಕ್ಕಾ, ಇದಿ ಬಲಂ ಕಾದು. ಕೊವ್ವು" ಅಂದಳು.

ಬಲವಲ್ಲ, ಕೊಬ್ಬು. ನನ್ನ ಮುಖ ಸಣ್ಣದಾಯಿತು. ಆಕೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಎಳೆ ಹುಲ್ಲಿನಲ್ಲಿ ಸಕ್ಕರೆ ಇರುತ್ತದೆ, ಬಿಸಿಲು ಏರಿದಷ್ಟೂ ಅದು ಹೆಚ್ಚು. ಒಣ ಮೇವಿನ ಕುದುರೆಗೆ ಅದು ಒಗ್ಗುವುದಿಲ್ಲ, ಕೊನೆಗೆ ಕಾಲಿಗೆ ಇಳಿಯುತ್ತದೆ. ಗೊರಸಿನ ಒಳಗೆ ಉರಿ ಎದ್ದು, ಗೊರಸು ಹಿಡಿದುಕೊಂಡಿರುವ ಎಲುಬೇ ಸಡಿಲಾಗುತ್ತದೆ. "ಒಕ್ಕಸಾರಿ ವಸ್ತೆ ನಾ ಚೇತುಲೋ ಕೂಡಾ ಉಂಡದು ಅಕ್ಕಾ." ಒಮ್ಮೆ ಬಂದರೆ ನನ್ನ ಕೈಯಲ್ಲೂ ಇರುವುದಿಲ್ಲ ಅಂತ.

"ಎಷ್ಟು ಇಳಿಸಬೇಕು ಡಾಕ್ಟರಮ್ಮಾ?"

ಆಕೆ ನನ್ನ ಕೊರಳಲ್ಲಿ ತೂಗುತ್ತಿದ್ದ ಟೇಪು ನೋಡಿ ನಕ್ಕಳು. "ಮೊದಲು ಈ ಟೇಪಿನೊಳಗ ಬರಲಿ."

ಅಲ್ಲಿಂದ ಒಂದೂವರೆ ತಿಂಗಳು ನಾನು ಮಾಡಿದ ಕೆಲಸವನ್ನು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ. ನಮ್ಮನೆಯವರು ಕಣದ ಸುತ್ತ ಜಾಲಿ ಮುಳ್ಳು ಕಟ್ಟಿದರು. ಹುಲ್ಲಿನ ಒಂದು ಎಸಳೂ ಇಲ್ಲದ ಗಟ್ಟಿ ನೆಲ, ಅದು ಕಸ್ತೂರಿಯ ಜಾಗ. ಬೆಳಗ್ಗೆ ಐದೂವರೆಗೆ ಏರಿಗೆ ಬಿಡುವುದು, ಏಳಕ್ಕೆ, ಬಿಸಿಲು ಏರುವ ಮುಂಚೆ, ಒಳಗೆ ತರುವುದು. ಜೋಳದ ಸೊಪ್ಪೆಯನ್ನು ಸಣ್ಣಗೆ ಕಡಿದು ಒಂದು ತಾಸು ನೀರಲ್ಲಿ ನೆನೆಸಿ, ಕಂದಾದ ನೀರು ಚೆಲ್ಲಿ, ಸಿಹಿ ಬಿಟ್ಟ ಸೊಪ್ಪೆಯನ್ನು ಹಾಕುವುದು. ಸಂಜೆ ಕಾಲುವೆ ಏರಿಯ ಮೇಲೆ ಹಿಡಿದು ನಡೆಸುವುದು, ಹೋಗಿ ಬರಲು ಒಂದು ತಾಸು. ಸೋಮವಾರ ಅಳೆಯುವುದು, ಕ್ಯಾಲೆಂಡರಿನ ಮೂಲೆಯಲ್ಲಿ ಬರೆಯುವುದು.

ಪಕ್ಕದ ಹೊಲದ ಹನುಮಕ್ಕ ಬದುವಿನ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದಳು: "ನಮಗ ಅಕ್ಕಿ ತೊಳಿಯಾಕ ಪುರಸೊತ್ತಿಲ್ಲ, ಶಾಂತಕ್ಕ ಕುದುರಿಗೆ ಹುಲ್ಲು ತೊಳಿತಾಳ. ನಾಳೆ ಒಗ್ಗರಣಿನೂ ಹಾಕ್ತಾಳ ನೋಡ್ರಿ."

"ನೀ ಬಾ, ನಿನಗೂ ಒಂದು ಬುಟ್ಟಿ ಹಾಕ್ತೀನಿ" ಅನ್ನುತ್ತಿದ್ದೆ. ನಗುತ್ತಿದ್ದಳು.

ಎಲ್ಲಕ್ಕಿಂತ ಕಷ್ಟವಾದದ್ದು ಬಾಯಿಕುಕ್ಕೆ. ಎಡೆ ಹೊಡೆಯುವಾಗ ಎತ್ತುಗಳು ಪೈರಿಗೆ ಬಾಯಿ ಹಾಕದ ಹಾಗೆ ಮೂತಿಗೆ ಕಟ್ಟುತ್ತಾರಲ್ಲ, ಹಗ್ಗದ ಜಾಳಿಗೆ, ಅದು. ಏರಿಗೆ ಬಿಟ್ಟಾಗಲೂ ಆಕೆ ತುದಿ ಹುಲ್ಲು ಮಾತ್ರ ತಿನ್ನಬೇಕು ಅಂದರೆ ಅದನ್ನು ಕಟ್ಟಲೇಬೇಕು ಅಂದಳು ಡಾಕ್ಟರಮ್ಮ. ಎತ್ತಿನದು ದೊಡ್ಡದಾಯಿತು. ಬಿಚ್ಚಿ, ಕಸ್ತೂರಿಯ ಮೂತಿ ಅಳೆದು ಮತ್ತೆ ಹೆಣೆದೆ. ಮೂಗಿನ ಮೇಲೆ ತರಚಿತು. ಹಳೆಯ ಕೆಂಪು ಫ್ಲಾನಲ್ ಕತ್ತರಿಸಿ ಒಳಗೆ ಸುತ್ತಲೂ ಹೊಲಿದೆ. ಮೊದಲ ದಿನ ಆಕೆ ಮೂತಿಯನ್ನು ನೆಲಕ್ಕೆ ತಿಕ್ಕಿ ತಿಕ್ಕಿ, ಕೊನೆಗೆ ನನ್ನ ಭುಜಕ್ಕೆ ತಂದು ಒತ್ತಿ ನಿಂತಳು. ಬಿಚ್ಚು ಅಂತ. ನಾನು ಬಿಚ್ಚಲಿಲ್ಲ.

ನಮ್ಮತ್ತೆ ಎರಡು ದಿನ ನನ್ನೊಡನೆ ಮಾತು ಬಿಟ್ಟರು. "ಉಂಬೋ ಬಾಯಿ ಕಟ್ಟಿದ ಮನ್ಯಾಗ ಏಳಿಗಿ ಇಲ್ಲ" ಅಂತ ಗೋಡೆಗೆ ಹೇಳಿದರು.

ಆದರೆ ಇಂಚು ಇಳಿಯಿತು. ಒಂದು ಸೋಮವಾರ ಟೇಪಿನ ತುದಿಗಳು ಮುಟ್ಟಿದವು. ಗಣೇಶನ ಹಬ್ಬ ಕಳೆದ ಸೋಮವಾರ ಐವತ್ತೊಂಬತ್ತೂವರೆ. ಕತ್ತಿನ ದಿಂಡು ಮೆತ್ತಗಾಗಿ ಕೈಗೆ ಅಲುಗಿತು. ಡಾಕ್ಟರಮ್ಮ ಗೊರಸು ಮುಟ್ಟಿ, "ತಣ್ಣಗ ಅದಾವ" ಅಂದಳು. ಆ ದಿನ ನಾನು ಯಾಕೋ ಪಾಯಸ ಮಾಡಿದೆ.

ಅದೇ ವಾರ ಫೋನು ಬಂತು. ಮಾವ ಬರುತ್ತಾನಂತೆ, ಕಸ್ತೂರಿಯನ್ನು ನೋಡಲು.

ನಮ್ಮತ್ತೆ ಒಲೆಯ ಮುಂದೆ ಕೂತಿದ್ದವರು ತಿರುಗಿ ನೋಡಿದರು. ಬೈಯಲಿಲ್ಲ. ಮೆಲ್ಲಗೆ ಹೇಳಿದರು. "ಆತನ ಬಾಯಿ ಈಗಾ ಸೊಟ್ಟ ಆಗೇತಿ, ಶಾಂತಾ. ತುತ್ತು ನೆಟ್ಟಗ ಹೋಗಂಗಿಲ್ಲ. ಆತನ ಕುದುರಿ ಬಾಯಿ ಕಟ್ಟಿ ಆತನ ಮುಂದ ನಿಲ್ಲಿಸ್ತೀಯೇನು?"

ಒಂದು ದಿನ ತಾನೆ, ಅಂದುಕೊಂಡೆ. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವನು. ಬಾಯಿಕುಕ್ಕೆಯನ್ನು ಮಷೀನಿನ ಡಬ್ಬಿಯಲ್ಲಿ, ಚೂರು ಬಟ್ಟೆಗಳ ಕೆಳಗೆ ಮುಚ್ಚಿಟ್ಟೆ. ಕಣದ ಮುಳ್ಳನ್ನು ಸರಿಸಿದೆವು.

ಮಾವ ಬಸ್ಸಿಳಿದ. ಒಬ್ಬನೇ. ಎಡಗೈಯಲ್ಲಿ ಒಂದು ಬಟ್ಟೆ ಚೀಲ. ತೆಗೆದುಕೊಳ್ಳಲು ಹೋದರೆ ಕೊಡಲಿಲ್ಲ. "ಇರಲಿ ಬಿಡವ್ವಾ, ಔಷಧ ಅದಾವ" ಅಂದ. ಕಸ್ತೂರಿ ಏರಿಯ ಹಸಿರಿನಲ್ಲಿ ಇದ್ದವಳು ಆತನ ದನಿಗೆ ತಲೆ ಎತ್ತಿ, ಓಡಿ ಬಂದು, ಬಿದ್ದುಹೋದ ಬಲಗೈಯನ್ನೇ ಹುಡುಕಿ ಮೂಸಿದಳು. ಆ ಕೈಯಿಂದಲೇ ಆತ ಹುರುಳಿ ಕೊಡುತ್ತಿದ್ದದ್ದು. ಮಾವ ಎಡಗೈಯಿಂದ ಆಕೆಯ ಕತ್ತು ಹಿಡಿದುಕೊಂಡು ಬಹಳ ಹೊತ್ತು ನಿಂತ. ಪಕ್ಕೆ ಸವರಿದ. ನಮ್ಮತ್ತೆ ಒಂದು ತಾಟಿನ ತುಂಬ ನೆನೆಸಿದ ಕಡಲೆ, ಬೆಲ್ಲ ತಂದು ಹಿಡಿದರು. ಮಾವ ಒಂದೇ ಹಿಡಿ ತಿನ್ನಿಸಿ ತಾಟನ್ನು ಕಟ್ಟೆಯ ಮೇಲಿಟ್ಟ. ಉಳಿದದ್ದನ್ನು ನಮ್ಮತ್ತೆಯೇ ತಿನ್ನಿಸಿದರು.

"ದಿನಾ ಹಿಂಗ ಬಿಡ್ತೀಯೇನವ್ವಾ?" ಕೇಳಿದ.

"ದಿನಾ ಬಿಡ್ತೀನಿ ಮಾವಾ. ಆಕಿಗೆ ಯಾವ ಕಟ್ಟೂ ಇಲ್ಲ."

ಎಷ್ಟು ಸಲೀಸಾಗಿ ಹೇಳಿದೆ ಅಂದರೆ, ನನಗೇ ಅದು ನಿಜ ಅನಿಸಿತು.

ಸಂಜೆಯ ಬಸ್ಸಿಗೆ ಮಾವ ಹೊರಡಲಿಲ್ಲ. "ನಾಳೆ ಹೋಗ್ತೀನಿ" ಅಂದ. ಮಾರನೆಯ ದಿನವೂ ಹಾಗೇ. ನಮ್ಮ ಮನೆಗೆ ಆತ ಹಾಗೆ ಉಳಿದದ್ದು ಅದೇ ಮೊದಲು. ನನಗೆ ಒಳಗೊಳಗೆ ಸಂತೋಷ, ಒಳಗೊಳಗೆ ತಳಮಳ. ಇಂದು ಕಟ್ಟಲೇ ಅಂತ ಮೂರು ಸಲ ಮಷೀನಿನ ಡಬ್ಬಿಯ ತನಕ ಹೋದೆ. ಕಟ್ಟೆಯ ಮೇಲೆ ಕೂತ ಮಾವ ಒಂದು ಕಡೆ ಜಾರಿದ ಬಾಯಿಯನ್ನು ಪಂಚೆಯ ತುದಿಯಿಂದ ಒರೆಸಿಕೊಳ್ಳುತ್ತಾ ಕಸ್ತೂರಿ ಮೇಯುವುದನ್ನೇ ನೋಡುತ್ತಿದ್ದ. ಮೂರು ಸಲವೂ ತಿರುಗಿ ಬಂದೆ. ರಾತ್ರಿ ಮಳೆ, ಬೆಳಗ್ಗೆ ಚುರುಕು ಬಿಸಿಲು. ಹುಲ್ಲು ಕಣ್ಣೆದುರೇ ಚಿಗುರುತ್ತಿತ್ತು.

ಮೂರನೆಯ ದಿನ ಸಂಜೆ ಏರಿಯ ಮೇಲೆ ಇಬ್ಬರೂ ನಿಂತಿದ್ದಾಗ ಮಾವ, "ಶಾಂತಾ" ಅಂತ ಶುರುಮಾಡಿದ. ಅಷ್ಟರಲ್ಲಿ ನಮ್ಮನೆಯವರು ಗುದ್ದಲಿ ಹೆಗಲಿಗಿಟ್ಟುಕೊಂಡು ಬಂದರು. "ನಿಮ್ಮ ಕುದುರಿ ನೋಡ್ರಿ ಮಾವಾ, ರಾಣಿ ಇದ್ದಂಗ ಅದಾಳ." ಮಾವ ಅವರನ್ನು ನೋಡಿದ, ನನ್ನನ್ನು ನೋಡಿದ. "ಚಲೋ ನೋಡಿಕೊಂಡೀರಿ" ಅಂದ. ಮರುದಿನ ಮೊದಲ ಬಸ್ಸಿಗೆ ಹೊರಟುಹೋದ. ಚೀಲ ಹಾಗೇ ಎಡಗೈಯಲ್ಲಿತ್ತು.

ಬಸ್ಸು ತಿರುಗಿದ ಕೂಡಲೇ ಬಾಯಿಕುಕ್ಕೆ ಕಟ್ಟಿ ಕಣಕ್ಕೆ ತಂದೆ. ಅದರ ಮರುದಿನ ಬೆಳಗ್ಗೆ ಕಸ್ತೂರಿ ವಿಚಿತ್ರವಾಗಿ ನಿಂತಿದ್ದಳು. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಮೈಯ ಭಾರವನ್ನೆಲ್ಲ ಹಿಂದಕ್ಕೆ ಎಳೆದುಕೊಂಡು, ಯಾರೋ ಹಿಂದಿನಿಂದ ಹಗ್ಗ ಜಗ್ಗಿದ ಹಾಗೆ. ಕೂತು ಗೊರಸಿಗೆ ಅಂಗೈ ಇಟ್ಟೆ. ಒಲೆಯಿಂದ ಇಳಿಸಿದ ಹಂಚಿನ ಹಾಗೆ ಸುಡುತ್ತಿತ್ತು.

ಒಂಬತ್ತು ದಿನ. ಮರಳು ತರಿಸಿ ಒದ್ದೆ ಮಾಡಿ ಅದರಲ್ಲಿ ನಿಲ್ಲಿಸಿದೆವು. ಕಾಲುವೆಯ ತಣ್ಣೀರು ಹೊತ್ತು ಹೊತ್ತು ಹಾಕಿದೆವು, ಹನುಮಕ್ಕನೂ ಬಂದು ಕೊಡ ಹೊತ್ತಳು, ಒಂದೂ ಕುಹಕದ ಮಾತಾಡಲಿಲ್ಲ. ಡಾಕ್ಟರಮ್ಮ ದಿನಾ ಆದೋನಿಯಿಂದ ಬಂದು ಚುಚ್ಚುಮದ್ದು ಕೊಟ್ಟಳು. "ಏಮಿ ಪೆಟ್ಟಾರಕ್ಕಾ?" ಅಂತ ಒಮ್ಮೆ ಮಾತ್ರ ಕೇಳಿದಳು, ಏನು ತಿನ್ನಿಸಿದಿರಿ ಅಂತ. ನಾನು ಹೇಳಿದೆ. ಆಕೆ ಬೈದಿದ್ದರೆ ಚೆನ್ನಾಗಿತ್ತು. ಏಳನೆಯ ದಿನ ಕಸ್ತೂರಿ ಮಲಗಿದವಳು ಏಳಲಿಲ್ಲ. ಒಂಬತ್ತನೆಯ ದಿನ ಡಾಕ್ಟರಮ್ಮ ಗೊರಸಿನ ಅಡಿ ನೋಡಿ, ಎಲುಬು ಕೆಳಗೆ ಇಳಿದುಬಿಟ್ಟಿದೆ, ಇನ್ನು ನರಳಿಸುವುದು ಬೇಡ ಅಂದಳು. ನಮ್ಮನೆಯವರು ನನ್ನ ಮುಖ ನೋಡಿದರು. ನಾನು ಹೂಂ ಅಂದೆ. ಆಕೆಯ ತಲೆ ನನ್ನ ತೊಡೆಯ ಮೇಲಿತ್ತು. ಕೊನೆಗೆ ಒಂದು ಹಿಡಿ ಹಸಿ ಗರಿಕೆ ಬಾಯಿಗೆ ಹಿಡಿದೆ, ಇನ್ನು ತಡೆಯುವುದಕ್ಕೆ ಏನಿತ್ತು. ಮೂಸಿದಳು. ತಿನ್ನಲಿಲ್ಲ.

ಸಾಕಲು ಕೊಟ್ಟ ಜೀವ ಹೋದರೆ ಅದರ ಹಗ್ಗವನ್ನು ಕೊಟ್ಟವರ ಕೈಗೆ ಮುಟ್ಟಿಸಬೇಕು ಅನ್ನುವುದು ನಮ್ಮ ಕಡೆಯ ರೂಢಿ. ದಸರೆಗೆ ಎರಡು ದಿನ ಇದ್ದಾಗ ಮದ್ದಿಕೇರಕ್ಕೆ ಹೋದೆ. ಚೀಲದಲ್ಲಿ ಹಗ್ಗ ಇತ್ತು, ಲಗಾಮು ಇತ್ತು. ಬಾಯಿಕುಕ್ಕೆಯನ್ನೂ ಇಟ್ಟುಕೊಂಡಿದ್ದೆ. ಸುಳ್ಳು ಹೇಳಿದ ಬಾಯಿಂದಲೇ ನಿಜ ಹೇಳಬೇಕಿತ್ತು.

ಸುದ್ದಿ ಫೋನಿನಲ್ಲೇ ಮುಟ್ಟಿತ್ತು. ಮಾವ ಪಡಸಾಲೆಯಲ್ಲಿ ಜಮಖಾನದ ಮೇಲೆ ಕೂತಿದ್ದ. ಹೊರಗೆ ಬೀದಿಯಲ್ಲಿ ಯಾರೋ ಓಟಕ್ಕೆ ಕುದುರೆ ಪಳಗಿಸುತ್ತಿದ್ದರು, ಗೊರಸಿನ ಸಪ್ಪಳ ಹೋಗುವುದು, ಬರುವುದು. ಹಗ್ಗವನ್ನು ಆತನ ಮುಂದಿಟ್ಟೆ. ಲಗಾಮು ಇಟ್ಟೆ. ಆಮೇಲೆ ಬಾಯಿಕುಕ್ಕೆ.

"ಮಾವಾ, ಆಕಿ ಬಾಯಿ ನಾ ಕಟ್ಟಿದ್ದೆ. ಒಂದೂವರಿ ತಿಂಗಳು ಕಟ್ಟಿದ್ದೆ. ನಿನ್ನ ಕಣ್ಣಿಗೆ ಬೀಳಬಾರದು ಅಂತ ಮುಚ್ಚಿಟ್ಟಿದ್ದೆ."

ಮಾವ ಅದನ್ನು ಎಡಗೈಯಲ್ಲಿ ತೆಗೆದುಕೊಂಡು ತಿರುಗಿಸಿ ನೋಡಿದ. ಒಳಗಿನ ಕೆಂಪು ಫ್ಲಾನಲ್ಲನ್ನು ಹೆಬ್ಬೆರಳಿನಿಂದ ಸವರಿದ.

"ಇದು ನೀ ಹೊಲಿದದ್ದಾ?"

"ಹೂಂ."

"ಎಷ್ಟು ದಿನ ಬಿಚ್ಚಿದ್ದಿ?"

"ನೀ ಇದ್ದ ಮೂರು ದಿನ."

ಬೀದಿಯ ಕುದುರೆ ಒಮ್ಮೆ ಹೋಗಿ ಒಮ್ಮೆ ಬಂತು. ಮಾವ ತನ್ನ ಹೆಂಡತಿಯ ಕಡೆ ತಿರುಗಿದ. "ಗೌರೀ, ಆ ಚೀಲ ತಾ."

"ಈಗ ಯಾಕ್ರಿ ಅದು" ಅಂದಳು ಗೌರತ್ತೆ.

"ತಾ ಅಂದೆ."

ಅದೇ ಬಟ್ಟೆ ಚೀಲ. ಗೌರತ್ತೆ ಅದರಿಂದ ತೆಗೆದು ಜಮಖಾನದ ಮೇಲೆ ಇಟ್ಟದ್ದು ಒಂದು ಬಾಯಿಕುಕ್ಕೆ. ಬಿಳಿ ನೂಲಿನ ಹಗ್ಗದ್ದು. ಗಂಟುಗಳು ಒಂದು ದೊಡ್ಡದು ಒಂದು ಚಿಕ್ಕದು, ಮಗು ಹೆಣೆದ ಹಾಗೆ. ಒಳಗೆ ಹಳೆಯ ಪಂಚೆಯ ಬಟ್ಟೆ ಸುತ್ತಿತ್ತು.

"ಕೈಗೆ ಕೆಲಸ ಕೊಡು ಅಂದಿದ್ರು ಡಾಕ್ಟರು" ಗೌರತ್ತೆ ಹೇಳಿದಳು. "ನೀ ಫೋನಿನಾಗ ಆ ಹಸರು ತೋರಿಸಿದಿ ನೋಡು, ಆವತ್ತ ಇದನ್ನ ಹಿಡದ್ರು. ಒಂದು ಗಂಟು ಹಾಕೋದು, ಎರಡು ಬಿಚ್ಚೋದು. ಮಳಿ ಜಾಸ್ತಿ ಆದ ವರ್ಷ ಇಲ್ಲೂ ಕಟ್ಟತಿದ್ರು ಅವ್ವಾ. ಹಸೀದು ಆಕಿ ಕಾಲಿಗೆ ಇಳಿತತಿ ಅಂತ."

"ಮತ್ತ ಯಾಕ ಕೊಡಲಿಲ್ಲ ಮಾವಾ? ಮೂರು ದಿನ ಇದ್ದಿಯಲ್ಲ."

ಮಾವ ಬಾಯಿ ಒರೆಸಿಕೊಂಡ. "ಹೆಣ್ಣು ಕೊಟ್ಟ ಮನ್ಯಾಗ ನಿಂತು, ನಿಮಗ ಸಾಕಾಕ ಬರಂಗಿಲ್ಲ ಅಂತ ಹೆಂಗ ಹೇಳಲಿ. ನಿಮ್ಮತ್ತಿ ಅಷ್ಟು ಪ್ರೀತಿಲೆ ತಾಟು ಹಿಡಕೊಂಡು ನಿಂತಿದ್ರು. ನಿನ್ನೊಬ್ಬಾಕಿಗೆ ಹೇಳೋಣ ಅಂತ ಉಳಕೊಂಡೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ." "ಒಂದಾ ದಿನಕ್ಕ ಹೋಗಿಬಿಟ್ಟಿದ್ರ" ಅಂದವನು ನಾನು ಹೊಲಿದ ಬಾಯಿಕುಕ್ಕೆಯನ್ನು ತನ್ನದರ ಪಕ್ಕ ಇಟ್ಟ.

ನನ್ನ ಅವ್ವ ಕೂಡ ಹಾಗೇ ಇದ್ದಳು. ನಮ್ಮ ಮನೆಗೆ ಬಂದು ಉಪ್ಪಿಲ್ಲದ ಸಾರು ಉಂಡು, ಬಹಳ ರುಚಿ ಅಂತ ಹೇಳಿ ಎದ್ದವಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ, ತಮ್ಮ. ನಾನೂ ಅವರ ಮನೆಯ ಹೆಣ್ಣೇ.

ಎರಡು ಬಾಯಿಕುಕ್ಕೆ ಜಮಖಾನದ ಮೇಲೆ ಅಕ್ಕಪಕ್ಕ ಇದ್ದವು. ಟೇಪು ಹಿಡಿಯಬೇಕಾಗಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ನಾನು ಅಳೆದು ಹೆಣೆದದ್ದು, ಆತ ಅರವತ್ತು ಮೈಲಿ ಆಚೆ ಕೂತು ನೆನಪಿನಿಂದ ಹೆಣೆದದ್ದು, ಎರಡೂ ಒಂದೇ ಅಳತೆ. ಬರುವಾಗ ಗೌರತ್ತೆ ಎರಡನ್ನೂ ಒಂದೇ ಗೂಟಕ್ಕೆ ತೂಗುಹಾಕಿದಳು.

ಆ ವರ್ಷದ ಕ್ಯಾಲೆಂಡರನ್ನು ತೆಗೆದಿಟ್ಟಿದ್ದೇನೆ. ಐವತ್ತೊಂಬತ್ತೂವರೆ ಬರೆದ ಸೋಮವಾರದ ಮುಂದಿನ ಮನೆ ಖಾಲಿ. ಟೇಪು ಮಾತ್ರ ಅದೇ. ಊರ ಹೆಂಗಸರ ಎದೆಯ ಅಳತೆ ತೆಗೆಯುವಾಗ ಅರವತ್ತರ ತುದಿ ಕೈಗೆ ಸಿಕ್ಕರೆ ಒಂದು ಗಳಿಗೆ ಹಿಡಿದುಕೊಂಡೇ ಇರುತ್ತೇನೆ. "ಏನಕ್ಕಾ, ದಪ್ಪ ಆಗೀನೇನು?" ಅಂತ ಅವರು ನಗುತ್ತಾರೆ.

ಮಾವ ಈಗಲೂ ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಾನೆ. ಮೊದಲು ಮಳೆ ಕೇಳುತ್ತಾನೆ. ಬಂತು ಮಾವಾ, ಅನ್ನುತ್ತೇನೆ, ಅಥವಾ, ಇಲ್ಲ ಮಾವಾ. ಆಮೇಲೆ ಇಬ್ಬರೂ ಸುಮ್ಮನಾಗುತ್ತೇವೆ. ಒಂದು ಮಾತು ಕೇಳಿ ಒಂದು ಮಾತು ಹೇಳುವಷ್ಟು ಹೊತ್ತು. ಆಮೇಲೆ ಆತ ನಮ್ಮತ್ತೆಯ ಮೊಣಕಾಲು ನೋವು ಹೇಗಿದೆ ಅಂತ ಕೇಳುತ್ತಾನೆ.